ಕಂಪ್ಯೂಟರ್ ಸರಿಯಿದೆ, ತಂತಿ ಸರಿಯಿಲ್ಲ

“ಏನಪ್ಪಾ, ಹೋದ ತಿಂಗಳು ತಾನೆ ದುಡ್ಡು ಕೊಟ್ಟು ಸರಿಮಾಡಿಸಿದ್ದು, ಮತ್ತೆ ಅದೇ ರಗಳೆ!” ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಸಿಇಟಿ ಅರ್ಜಿ ತುಂಬುವ ಕೊನೆಯ ದಿನ ಹತ್ತಿರ ಬಂದರಂತೂ ಮಾತು ಇನ್ನಷ್ಟು ಬಿಸಿಯಾಗುತ್ತದೆ. ಆತ ಬಂದು ನೋಡಿದರೆ ಯಂತ್ರದಲ್ಲಿ ವೈರಸ್ ಇಲ್ಲ, ನೆನಪಿನ ಕೊರತೆಯೂ ಇಲ್ಲ. ಅರ್ಜಿಯ ಪುಟ ಮಾತ್ರ ಅರ್ಧಕ್ಕೇ ನಿಂತಿದೆ. ದೋಷವಿರುವುದು ಇಂಟರ್‌ನೆಟ್ ಒದಗಿಸುವ ಕಂಪನಿಯ ತಂತಿಯಲ್ಲಿ. ಅದನ್ನು ಆತ ಮುಟ್ಟುವಂತಿಲ್ಲ. ಕಂಪನಿಗೆ ಫೋನ್ ಮಾಡಿದರೆ “ನಮ್ಮ ಕಡೆ ಎಲ್ಲ ಸರಿಯಿದೆ, ಕಂಪ್ಯೂಟರ್ ತೋರಿಸಿ” ಎಂಬ ಉತ್ತರ. ಮನೆಯವರ ಕಣ್ಣಿಗೆ ಕಾಣುವವನು ಆತನೊಬ್ಬನೇ. ಬೈಗುಳವೂ ಆತನ ಪಾಲಿಗೇ. ಹೊಸ ಕಂಪ್ಯೂಟರನ್ನೇ ಕೊಂಡು, ಪುಟ ಮತ್ತೆ ಅಲ್ಲೇ ನಿಂತಾಗ ಪೆಚ್ಚಾಗುವ ಪೋಷಕರೂ ಇದ್ದಾರೆ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ಅದು ಬರುತ್ತಿದ್ದುದು ದೂರವಾಣಿಯ ತಂತಿಯಲ್ಲಿ. ತಂತಿ ಕೆಟ್ಟರೆ ಫೋನ್ ಎತ್ತಿದಾಗಲೇ ಗರಗರ ಸದ್ದು ಕೇಳುತ್ತಿತ್ತು. ಇಂದು ಅನೇಕ ಮನೆಗಳಿಗೆ ಬರುವುದು ಕೂದಲೆಳೆಯಂಥ ಗಾಜಿನ ಎಳೆ. ಅದರೊಳಗೆ ಬೆಳಕು ಪೂರ್ಣ ಆಂತರಿಕ ಪ್ರತಿಫಲನದಿಂದ ಸಾಗುತ್ತದೆ. ಎಳೆಯನ್ನು ಬೀರುವಿನ ಹಿಂದೆ ಮಡಿಚಿ ಒತ್ತಿದರೆ ಆ ತಿರುವಿನಲ್ಲಿ ಬೆಳಕು ಹೊರಗೆ ಸೋರುತ್ತದೆ. ಕಂಬದ ಮೇಲಿನ ಬೆಸುಗೆಗೆ ಕೊಳೆ ಸೇರಿದರೂ ಬೆಳಕು ಕುಗ್ಗುತ್ತದೆ. ಸದ್ದಿಲ್ಲ, ಕಣ್ಣಿಗೂ ಕಾಣದು. ಮನೆಯತ್ತ ಬರುವ ಬೆಳಕಿನ ತರಂಗದೂರ ಸಾಮಾನ್ಯವಾಗಿ 1490 ನ್ಯಾನೋಮೀಟರ್, ಅಂದರೆ ಅವಕೆಂಪು. (ಕಾಣದೆಂದು ಎಳೆಯ ತುದಿಗೆ ಕಣ್ಣಿಟ್ಟು ನೋಡುವ ಸಾಹಸ ಮಾತ್ರ ಬೇಡ.)

ಕಾಣದ್ದನ್ನು ಅಳೆಯಬಹುದು. ಗೋಡೆಯ ಮೇಲಿನ ಪೆಟ್ಟಿಗೆಯ ಮಾಹಿತಿ ಪುಟದಲ್ಲಿ ಬಂದ ಬೆಳಕಿನ ಅಳತೆ ಡಿಬಿಎಂ ಎಂಬ ಮಾನದಲ್ಲಿ ಇರುತ್ತದೆ. ಸೊನ್ನೆ ಡಿಬಿಎಂ ಎಂದರೆ ಒಂದು ಮಿಲಿವ್ಯಾಟ್. ಪ್ರತಿ 10 ಇಳಿದಾಗಲೂ ಬೆಳಕು ಹತ್ತನೇ ಒಂದಾಗುತ್ತದೆ. ಸಾಮಾನ್ಯ ಪೆಟ್ಟಿಗೆ ಮೈನಸ್ 27ರವರೆಗೆ ತಾಳಿಕೊಳ್ಳುತ್ತದೆ. ಅದು ಎರಡು ಮೈಕ್ರೋವ್ಯಾಟ್ ಮಾತ್ರ! ಅದಕ್ಕೂ ಕೆಳಗಿಳಿದರೆ ಅಕ್ಷರಗಳು ತಪ್ಪಾಗಿ ಓದಲ್ಪಟ್ಟು ಮತ್ತೆ ಮತ್ತೆ ತರಿಸಬೇಕಾಗುತ್ತದೆ. “ವೈಫೈ ಗೆರೆಗಳೆಲ್ಲ ತುಂಬಿವೆಯಲ್ಲ” ಎಂದು ವಾದಿಸುವವರುಂಟು. ಆ ಗೆರೆಗಳು ಹೇಳುವುದು ಪೆಟ್ಟಿಗೆಯಿಂದ ನಿಮ್ಮ ಕೋಣೆಯವರೆಗಿನ ಸಂಗತಿಯನ್ನಷ್ಟೆ. ಕಂಬದಿಂದಾಚೆ ಏನಾಗಿದೆಯೆಂದು ಅವಕ್ಕೆ ಗೊತ್ತಿಲ್ಲ.

ಸಂಜೆ ಎಂಟಕ್ಕೆ ಮಾತ್ರ ನಿಧಾನವೆ? ಆಗ ಕಾರಣ ಬೇರೆ. ಜಿಪಾನ್ ಎಂಬ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 2,500 ಮೆಗಾಬಿಟ್ ಸಾಗಿಸುವ ಒಂದೇ ಎಳೆ 32 ಮನೆಗಳಿಗೆ ಕವಲೊಡೆಯಬಹುದು. ಎಲ್ಲರೂ ಒಮ್ಮೆಗೇ ಎಳೆದುಕೊಂಡರೆ ತಲಾ 78 ಸಿಕ್ಕೀತು. ಕಂಪನಿ ಮುಂದಕ್ಕೆ ಬಾಡಿಗೆಗೆ ಪಡೆದ ದಾರಿ ಇನ್ನೂ ಕಿರಿದಾಗಿದ್ದರೆ ಅದೂ ಇಲ್ಲ. ಜಾಹೀರಾತಿನಲ್ಲಿ “100ರವರೆಗೆ” ಎಂದಿರುವಾಗ ಆ ‘ವರೆಗೆ’ಯನ್ನು ಓದುವವರು ಕಡಿಮೆ. ಇನ್ನೊಂದು ತಕರಾರು, 100 ಹೇಳಿ 12 ಕೊಡುತ್ತಾರೆಂಬುದು. ಇದರಲ್ಲಿ ಕಂಪನಿಯ ತಪ್ಪಿಲ್ಲ. ಅವರು ಹೇಳಿದ್ದು ಮೆಗಾಬಿಟ್, ಪರದೆ ತೋರಿಸುವುದು ಮೆಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್, ಭಾಗಿಸಿ ನೋಡಿ.

ರಿಪೇರಿಯವರನ್ನು ಕರೆಯುವ ಮೊದಲು ಮನೆಯ ಮಕ್ಕಳೇ ಒಂದು ಕೆಲಸ ಮಾಡಬಹುದು. ವೈಫೈ ಬಿಟ್ಟು, ಕಂಪ್ಯೂಟರನ್ನು ಕೇಬಲ್‌ನಿಂದ ಪೆಟ್ಟಿಗೆಗೆ ಜೋಡಿಸಿ ವೇಗ ಅಳೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ಅಳೆದು, ಡಿಬಿಎಂ ಅಂಕಿಯ ಜೊತೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೇಬಲ್‌ನಲ್ಲಿ ವೇಗ ಚೆನ್ನಾಗಿದ್ದರೆ ತೊಂದರೆ ಮನೆಯೊಳಗಿನದು, ರಿಪೇರಿಯವರು ಬರಲಿ. ಅಲ್ಲೂ ಬಿದ್ದಿದ್ದರೆ ನೇರ ಕಂಪನಿಗೇ ದೂರು ಕೊಡಿ. ಟ್ರಾಯ್‌ನ 2012ರ ನಿಯಮಾವಳಿಯ ಪ್ರಕಾರ ದೂರಿಗೆ ಡಾಕೆಟ್ ಸಂಖ್ಯೆ ಕೊಡಲೇಬೇಕು, ಪರಿಹಾರ ಒಪ್ಪಿಗೆಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅವಕಾಶವೂ ಉಂಟು. ಆ ಸಂಖ್ಯೆಯನ್ನು ಕೇಳಿ, ವೇಗ ಬರೆದ ಪುಟದಲ್ಲೇ ದಿನಾಂಕದೊಂದಿಗೆ ಗುರುತು ಹಾಕಿಕೊಳ್ಳಿ.