ಊಹೆಯಿಂದ ಸಿದ್ಧಾಂತದವರೆಗೆ

ವಿಶ್ವವು ಮಹಾಸ್ಫೋಟದಿಂದ ಆರಂಭವಾಯಿತೆಂದು ಶಾಲೆಯಲ್ಲಿ ಕಲಿತ ಮಗು, ಮನೆಯಲ್ಲಿ ಆದಿಕಾಂಡದ ಸೃಷ್ಟಿವೃತ್ತಾಂತವನ್ನು ಕೇಳಿದಾಗ ‘ಇವೆರಡರಲ್ಲಿ ಯಾವುದು ನಿಜ?’ ಎಂದು ಪ್ರಶ್ನಿಸುವುದು ಸಹಜ. ಆಗ ಹಿರಿಯರಾದ ನಮ್ಮಿಂದ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಬರುತ್ತವೆ. ‘ಅದು ವಿಜ್ಞಾನಿಗಳ ಬರೀ ಊಹೆ’ ಎಂಬುದು ಒಂದು. ‘ಬೈಬಲ್ ಹೇಳಿದ್ದನ್ನೇ ವಿಜ್ಞಾನವೂ ಸಾಬೀತುಪಡಿಸಿದೆ’ ಎಂಬುದು ಇನ್ನೊಂದು. ವಿಜ್ಞಾನ ನಡೆದುಬರುವ ದಾರಿಯನ್ನು ಅರಿಯದ ಉತ್ತರಗಳಿವು. ಆ ದಾರಿಯನ್ನು ತಿಳಿಯಲು, ಈ ಸಿದ್ಧಾಂತಕ್ಕೆ ಬುನಾದಿ ಹಾಕಿದವರನ್ನೇ ನೆನೆಯುವುದು ಸೂಕ್ತ. ಅವರು ಕಥೋಲಿಕ ಧರ್ಮಗುರು, ಬೆಲ್ಜಿಯಂನ ಫಾದರ್ ಜಾರ್ಜ್ ಲೆಮೆತ್ರ್.

ಐನ್‌ಸ್ಟೈನರ ಸಮೀಕರಣಗಳನ್ನೂ ದೂರದ ಗೆಲಾಕ್ಸಿಗಳ ವೇಗದ ಅಳತೆಗಳನ್ನೂ ಜೋಡಿಸಿ, ವಿಶ್ವವು ಹಿಗ್ಗುತ್ತಿದೆಯೆಂದು ಅವರು 1927ರಲ್ಲಿ ಪ್ರತಿಪಾದಿಸಿದರು. ಐನ್‌ಸ್ಟೈನರು ಗಣಿತವನ್ನು ಒಪ್ಪಿದರು, ತೀರ್ಮಾನವನ್ನು ಒಪ್ಪಲಿಲ್ಲ. ಆದರೆ ವಿಜ್ಞಾನದಲ್ಲಿ ಎಂಥ ದೊಡ್ಡವರ ಮಾತೂ ಕೊನೆಯ ತೀರ್ಪಲ್ಲ. ಗೆಲಾಕ್ಸಿಗಳು ದೂರವಿದ್ದಷ್ಟೂ ಹೆಚ್ಚು ವೇಗವಾಗಿ ದೂರ ಸರಿಯುತ್ತಿರುವಂತೆ ಕಾಣುತ್ತವೆಂದು 1929ರಲ್ಲಿ ಎಡ್ವಿನ್ ಹಬಲ್ ತೋರಿಸಿಕೊಟ್ಟ ಬಳಿಕ ಐನ್‌ಸ್ಟೈನರೂ ತಮ್ಮ ನಿಲುವನ್ನು ಬದಲಿಸಿದರು. ಹಿಗ್ಗುತ್ತಿರುವ ವಿಶ್ವ ಹಿಂದೊಮ್ಮೆ ಅತ್ಯಂತ ಕಿರಿದಾಗಿದ್ದಿರಬೇಕು ಎಂದು ಲೆಮೆತ್ರ್ 1931ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು.

ಊಹೆಯೊಂದು ಸಿದ್ಧಾಂತವಾಗಬೇಕಾದರೆ ಅದು ಸುಂದರವಾಗಿದ್ದರೆ ಸಾಲದು. ‘ಇದು ನಿಜವಾದರೆ ಇಂಥದ್ದು ಕಾಣಸಿಗಬೇಕು’ ಎಂದು ಮುಂಚಿತವಾಗಿ ಹೇಳುವ ಧೈರ್ಯ ಅದಕ್ಕಿರಬೇಕು, ಕಾಣದಿದ್ದರೆ ಸೋಲೊಪ್ಪಬೇಕು. ಕಾಸ್ಮಿಕ್ ಕಿರಣಗಳೇ ಆದಿಸ್ಫೋಟದ ಅವಶೇಷವೆಂದು ಲೆಮೆತ್ರ್ ಭಾವಿಸಿದ್ದರು. ಅದು ತಪ್ಪೆಂದು ಮುಂದೆ ತಿಳಿದುಬಂತು. ವಿಶ್ವಕ್ಕೆ ಆದಿಯೇ ಇಲ್ಲವೆನ್ನುವ ಸ್ಥಿರಸ್ಥಿತಿ ಸಿದ್ಧಾಂತವನ್ನು ಫ್ರೆಡ್ ಹಾಯ್ಲ್ ಮತ್ತು ಸಂಗಡಿಗರು 1948ರಲ್ಲಿ ಮಂಡಿಸಿದರು. ಅದೇ ವರ್ಷ ಆಲ್ಫರ್ ಮತ್ತು ಹರ್ಮನ್, ವಿಶ್ವವು ಆದಿಯಲ್ಲಿ ಬಿಸಿಯಾಗಿದ್ದುದು ನಿಜವಾದರೆ ಆ ಕಾವಿನ ಶೇಷ ಇಂದಿಗೂ ವಿಶ್ವವನ್ನೆಲ್ಲ ವ್ಯಾಪಿಸಿರಬೇಕೆಂದು ಲೆಕ್ಕಹಾಕಿದರು.

ಉತ್ತರ ದೊರೆತದ್ದು ಆಕಸ್ಮಿಕವಾಗಿ. 1964ರಲ್ಲಿ ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾದಲ್ಲಿ ಎತ್ತ ತಿರುಗಿಸಿದರೂ ಒಂದೇ ಸಮನೆ ಸದ್ದು ಕೇಳಿಬರುತ್ತಿತ್ತು. ಉಪಕರಣದ ದೋಷವಿರಬೇಕೆಂದು ಅವರು ಅದರೊಳಗಿನ ಪಾರಿವಾಳದ ಹಿಕ್ಕೆಯನ್ನೂ ಬಳಿದು ತೆಗೆದರು. ಸದ್ದು ನಿಲ್ಲಲಿಲ್ಲ. ಅದೇ ಆ ಆದಿಯ ಕಾವಿನ ಶೇಷವೆಂದು 1965ರಲ್ಲಿ ಜಗತ್ತಿಗೆ ತಿಳಿಯಿತು. ಸ್ಥಿರಸ್ಥಿತಿ ಸಿದ್ಧಾಂತ ಹಿಂದೆ ಸರಿಯಿತು. 1966ರ ಜೂನ್‌ನಲ್ಲಿ ತೀರಿಕೊಳ್ಳುವ ಮುನ್ನ ಲೆಮೆತ್ರ್ ಅವರಿಗೂ ಈ ಸುದ್ದಿ ಮುಟ್ಟಿತ್ತು.

ನಮ್ಮ ಗಮನಕ್ಕೆ ಅತ್ಯಗತ್ಯವಾದ ಘಟನೆ ಇದಕ್ಕೂ ಹಿಂದಿನದು. 1951ರಲ್ಲಿ ಜಗದ್ಗುರು 12ನೇ ಪಯಸ್‌ರು ಈ ವಿಜ್ಞಾನದಲ್ಲಿ ಸೃಷ್ಟಿಕರ್ತನಿಗೆ ಸಾಕ್ಷ್ಯವನ್ನು ಕಂಡು ಹರ್ಷ ವ್ಯಕ್ತಪಡಿಸಿದರು. ಹೆಚ್ಚು ಸಂತೋಷಪಡಬೇಕಾಗಿದ್ದ ಲೆಮೆತ್ರ್ ಅವರಿಗೇ ಅದು ಸರಿಕಾಣಲಿಲ್ಲ. ತಮ್ಮ ಸಿದ್ಧಾಂತವು ಧಾರ್ಮಿಕ ಪ್ರಶ್ನೆಗಳಿಂದ ಹೊರಗೆ ನಿಲ್ಲುವಂಥದ್ದು ಎಂಬುದು ಅವರ ಖಚಿತ ನಿಲುವಾಗಿತ್ತು. ಅದು ಅವರ ವಿಶ್ವಾಸದ ಕೊರತೆಯಲ್ಲ. ಹೊಸ ಅಳತೆಗಳು ಬಂದಾಗ ಸಿದ್ಧಾಂತ ತಿದ್ದುಪಡಿಯಾಗುತ್ತದೆ, ಆಗಲೇಬೇಕು. ಅದಕ್ಕೆ ನಮ್ಮ ವಿಶ್ವಾಸವನ್ನು ಕಟ್ಟಿಹಾಕಿದರೆ, ತಿದ್ದುಪಡಿಯ ದಿನ ಮಕ್ಕಳ ಮನಸ್ಸಿನಲ್ಲಿ ವಿಶ್ವಾಸವೂ ಅಲುಗಾಡೀತು. ಅದನ್ನು ‘ಬರೀ ಊಹೆ’ ಎಂದು ತಳ್ಳಿಹಾಕಿದರೆ, ಸತ್ಯಕ್ಕೆ ಹೆದರುವವರು ನಾವೆಂದು ಅವರು ತಿಳಿದಾರು.

ಆದ್ದರಿಂದ ಮಗು ಪ್ರಶ್ನೆಯನ್ನು ತಂದಾಗ ಅದನ್ನು ಗದರಿಸದಿರೋಣ. ‘ಇದನ್ನು ಹೇಗೆ ಕಂಡುಕೊಂಡರು? ಹೇಗೆ ಪರೀಕ್ಷಿಸಿದರು?’ ಎಂದು ಅದರೊಡನೆ ಕುಳಿತು ಕೇಳೋಣ. ದೇವರು ದಯಪಾಲಿಸಿದ ಬುದ್ಧಿಯನ್ನು ಪ್ರಾಮಾಣಿಕವಾಗಿ ಬಳಸುವುದೂ ಒಂದು ಬಗೆಯ ಕೃತಜ್ಞತಾ ಸಮರ್ಪಣೆಯೇ ಆಗಿದೆ.