ಅಜ್ಜಿಯೂ ಇಪ್ಪತ್ತೊಂದು ದಾಟಿದವಳು

ನಮ್ಮೂರಿನ ಮಹಿಳಾ ಸಮಾಜದಲ್ಲಿ ಅಮೆರಿಕಕ್ಕೆ ಹೋಗಿ ಬಂದವರು ಒಂದು ಸಂಜೆ ಮಾತನಾಡುವ ಪದ್ಧತಿ ಇದೆ. ನಯಾಗರ, ವೈಟ್ ಹೌಸ್, ಪಿಟ್ಸ್‌ಬರ್ಗಿನ ವೆಂಕಟೇಶ್ವರ, ಕೊನೆಗೆ ಮೊಮ್ಮಗುವಿನ ಫೋಟೋ, ಇದು ಕ್ರಮ. ನಾನು ಲಾಸ್ ವೇಗಾಸ್ ಎಂದು ಬಾಯಿ ಬಿಟ್ಟದ್ದೇ ತಡ, ಚಹದ ಲೋಟಗಳ ಸದ್ದು ನಿಂತಿತು. "ಆ ಜೂಜಿನ ಊರಿಗಾ? ನೀವಾ?" ಎಂದರು ಒಬ್ಬರು. ಇನ್ನೊಬ್ಬರು, "ಪುಟ್ಟಿಯನ್ನು ಯಾರ ಹತ್ತಿರ ಬಿಟ್ಟು ಹೋದಿರಿ?" ಎಂದು ಕೇಳಿದರು. ಮೊದಲ ಪ್ರಶ್ನೆಗೆ ನನಗೆ ಸಿಟ್ಟು ಬರಲಿಲ್ಲ, ಎರಡನೆಯದಕ್ಕೆ ಬಂತು. ಅಂದು ನುಂಗಿಕೊಂಡದ್ದನ್ನು ಇಲ್ಲಿ ಹೇಳಿಬಿಡುತ್ತೇನೆ.

ಪುಟ್ಟಿಗೆ ಅಪ್ಪ ಇದ್ದಾನೆ, ಅಮ್ಮ ಇದ್ದಾಳೆ. ಆದರೂ ಅವಳನ್ನು 'ಬಿಟ್ಟುಹೋದವಳು' ನಾನು! 2016ರಲ್ಲಿ ಇದೇ ಊರಿಗೆ ಮಗ-ಸೊಸೆಯರ ಜೊತೆ ಹೋಗಿದ್ದೆ. ಆಗ ಪುಟ್ಟಿಗೆ ಎರಡು ವರ್ಷ. ಆ ಊರಿನ ಕಾನೂನಿನಲ್ಲಿ ಇಪ್ಪತ್ತೊಂದು ತುಂಬದವರು ಜೂಜಿನ ಕಟ್ಟೆಯ ಹತ್ತಿರ ನಿಲ್ಲುವಂತಿಲ್ಲ, ದಾಟಿಕೊಂಡು ಹೋಗಬಹುದು ಅಷ್ಟೆ. ರಾತ್ರಿಯ ಪ್ರದರ್ಶನಗಳಲ್ಲೂ ಎಷ್ಟೋ ದೊಡ್ಡವರಿಗೆ ಮಾತ್ರ. ಅಂದಮೇಲೆ ಮಗುವಿನ ಜೊತೆ ಕೋಣೆಯಲ್ಲಿ ಯಾರಾದರೂ ಇರಬೇಕಲ್ಲ? ಯಾರೆಂದು ಯಾರೂ ಚರ್ಚಿಸಲಿಲ್ಲ. ಮೂರು ಸಂಜೆ ಹದಿನೆಂಟನೆಯ ಮಹಡಿಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ತೆರೆಯಲು ಬಾರದ ಕಿಟಕಿಯ ಗಾಜಿನಾಚೆ ಕಾರಂಜಿ ಕುಣಿಯುವುದನ್ನು ನೋಡಿದೆ. ಹಾಡು ಕೇಳಿಸುತ್ತಿರಲಿಲ್ಲ. ಸೊಸೆ ಒಳ್ಳೆಯವಳೇ, ಬರುವಾಗ ನನಗೆಂದು ಬಿಸಿ ಊಟ ತಂದಳು. ಆದರೆ 'ಅಮ್ಮನನ್ನೂ ವೇಗಾಸಿಗೆ ಕರೆದುಕೊಂಡು ಹೋಗಿದ್ದೆವು' ಎಂದು ಮಗ ಎಲ್ಲರಿಗೂ ಹೇಳಿಕೊಂಡಾಗ, ಟಿಕೆಟ್ ಕೊಟ್ಟು ಆಯಾಳನ್ನು ಕರೆದೊಯ್ದದ್ದಕ್ಕೆ ಇಷ್ಟು ಹೆಮ್ಮೆ ಯಾಕಪ್ಪಾ ಎನ್ನಿಸಿತು.

ಅದಕ್ಕೇ 2023ರ ಅಕ್ಟೋಬರಿನಲ್ಲಿ ನಾನು, ಲಾಸ್ ಏಂಜಲೀಸಿನ ಹತ್ತಿರ ಇರುವ ನನ್ನ ತಂಗಿ, ಊರಿನಿಂದ ಬಂದಿದ್ದ ನಾದಿನಿ, ಮೂವರೇ ಹೊರಟೆವು. "ಅಮ್ಮ, ಅದು ನಿಮ್ಮಂಥವರ ಊರಲ್ಲ, ಡಿಸ್ನಿಲ್ಯಾಂಡಿಗೆ ಹೋಗೋಣ" ಎಂದ ಮಗ. ಮೂವರ ವಯಸ್ಸು ಕೂಡಿದರೆ ನೂರ ತೊಂಬತ್ತು. ಮಿಕ್ಕಿ ಇಲಿಯ ಕೈ ಕುಲುಕಲು ನಾವು ಹೋಗಬೇಕಂತೆ!

ಯೋಜನೆ ನಮ್ಮದೇ. ಶನಿವಾರ, ಭಾನುವಾರ ಕೋಣೆಯ ಬಾಡಿಗೆ ಏರುತ್ತದೆಂದು ಸೋಮವಾರ ಹೋಗಿ ಗುರುವಾರ ಹೊರಡುವುದೆಂದಾಯಿತು. ಅಲ್ಲೊಂದು ಮೋಸವಿತ್ತು. ಬಾಡಿಗೆಯ ಜೊತೆ 'ರೆಸಾರ್ಟ್ ಫೀ' ಎಂದು ದಿನಕ್ಕಿಷ್ಟು ಬೇರೆ ಕಟ್ಟಬೇಕು, ಅದು ಕೊನೆಯ ಲೆಕ್ಕದಲ್ಲಿ ತಲೆ ಎತ್ತುತ್ತದೆ. 2025ರ ಮೇ ತಿಂಗಳಿನಿಂದ ಅದನ್ನು ಮೊದಲೇ ಸೇರಿಸಿ ತೋರಿಸಬೇಕೆಂದು ಅಲ್ಲಿನ ಸರಕಾರ ನಿಯಮ ಮಾಡಿದೆ. ನಾವು ಹೋದಾಗ ಇರಲಿಲ್ಲ. ನಾದಿನಿ ಕೌಂಟರಿನಲ್ಲಿ ನಿಂತು, ಈಜುಕೊಳಕ್ಕೆ ಇಳಿಯದವರಿಗೂ ಯಾಕೆ ಎಂದು ಕನ್ನಡದಲ್ಲೇ ಜಗಳವಾಡಿದಳು.

ಈಗ ಜೂಜಿನ ಮಾತು. ನನಗೆ ಅದನ್ನು ನೋಡಲೇಬೇಕಿತ್ತು. ನಮ್ಮವರು, ಈಗಿಲ್ಲ, ಒಳ್ಳೆಯ ಮನುಷ್ಯ. ಆದರೆ ಅಡಿಕೆ ಮಾರಿದ ದುಡ್ಡು ಬಂದ ವಾರ ಊರಿನ ಕ್ಲಬ್ಬೊಂದರಲ್ಲಿ ಇಸ್ಪೀಟಿಗೆ ಕೂತರೆ ಬೆಳಗಿನ ಜಾವಕ್ಕೆ ಬರುವರು. ತವರಿನವರು ಹಾಕಿದ್ದ ನನ್ನ ಅವಲಕ್ಕಿ ಸರ ಅಡವಿಗೆ ಹೋದದ್ದು ತಿರುಗಿ ಬರಲಿಲ್ಲ. "ಇವತ್ತು ಅದೃಷ್ಟ ಸರಿಯಿರಲಿಲ್ಲ ಕಣೇ" ಎನ್ನುವರು. ಮೂವತ್ತು ವರ್ಷ ನಾನೂ ಆ ಅದೃಷ್ಟವನ್ನೇ ಶಪಿಸಿದೆ.

ಅಲ್ಲಿ ರೂಲೆಟ್ ಚಕ್ರದ ಮುಂದೆ ಅರ್ಧ ಗಂಟೆ ನಿಂತೆ. ಚಕ್ರದಲ್ಲಿ 38 ಮನೆ. ಒಂದರಿಂದ ಮೂವತ್ತಾರು, ಜೊತೆಗೆ ಹಸಿರು ಬಣ್ಣದ ಒಂದು ಸೊನ್ನೆ, ಒಂದು ಜೋಡಿ ಸೊನ್ನೆ. ನೀವು ಒಂದು ಡಾಲರ್ ಇಟ್ಟ ಮನೆ ಬಂದರೆ ನಿಮ್ಮ ಡಾಲರಿನ ಜೊತೆ 35 ಕೊಡುತ್ತಾರೆ. ತಂಗಿ ಕೈಚೀಲದಿಂದ ಪೆನ್ನು ತೆಗೆದು ಲೆಕ್ಕ ಹಾಕಿದಳು. 38 ಮನೆಗೂ ಒಂದೊಂದು ಡಾಲರ್ ಇಟ್ಟು ಅದೃಷ್ಟದ ಕೈಕಾಲನ್ನೇ ಕಟ್ಟಿಹಾಕಿದರೂ 36 ಬರುತ್ತದೆ. ಎರಡು ಡಾಲರ್ ಅಂಗಡಿಯವನದು. ಮೂರು ಸೊನ್ನೆ ಇರುವ ಚಕ್ರಗಳೂ ಇವೆ, ಅವು ಇನ್ನೂ ಹಸಿದವು. ಅಂದರೆ ಅದು ಅದೃಷ್ಟವಲ್ಲ, ಕಮಿಷನ್ನು! ಹಾಲಿಗೆ ನೀರು ಬೆರೆಸುವವಳ ಪಾವನ್ನು ಹಿಡಿದು ನೋಡುವ ನಾವು, ಗಂಡಸರ ಈ ಅಂಗಡಿಯ ತಕ್ಕಡಿಯನ್ನು ಒಂದು ಸಲವೂ ನೋಡಲಿಲ್ಲವಲ್ಲ. ಕ್ಲಬ್ಬಿನವರೂ ಪ್ರತಿ ಆಟಕ್ಕೆ ಇಷ್ಟೆಂದು ಎತ್ತಿಕೊಳ್ಳುತ್ತಿದ್ದರು. ನನ್ನ ಸರ ಹೋದದ್ದು ಇಸ್ಪೀಟಿನ ರಾಣಿಗಲ್ಲ, ಆ ಡಬ್ಬಿಗೆ. 'ಹೆಂಗಸರು ನೋಡಬಾರದ ಜಾಗ' ಎಂದು ಯಾಕೆ ಹೇಳುತ್ತಾರೆಂದು ನನಗೆ ಅಲ್ಲಿ ನಿಂತು ಹೊಳೆಯಿತು.

ಹಾಗೆಂದು ಅದು ಪಾಪದ ಊರೆಂದು ಮುಖ ತಿರುಗಿಸುವವರ ಜೊತೆಗೂ ನಾನಿಲ್ಲ. ನೆವಾಡದಲ್ಲಿ ಜೂಜು ಕಾನೂನುಬದ್ಧವಾದದ್ದು 1931ರಲ್ಲಿ. ಅಲ್ಲಿಂದ ಊರು ಬೆಳೆದ ಕಥೆಯನ್ನು ಅವರೇ ಮುಚ್ಚಿಡದೆ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. 'ಮಾಬ್ ಮ್ಯೂಸಿಯಂ' ಇರುವುದು 1933ರ ಹಳೆಯ ಅಂಚೆ ಕಚೇರಿ ಮತ್ತು ನ್ಯಾಯಾಲಯದ ಕಟ್ಟಡದಲ್ಲಿ. 1950ರಲ್ಲಿ ಸೆನೆಟರ್ ಕೆಫಾವರ್ ಅವರ ಸಮಿತಿ ಗೂಂಡಾಪಡೆಗಳ ವಿಚಾರಣೆ ನಡೆಸಿದ ಕೋಣೆಯಲ್ಲೇ ಕೂತು ಕಾಲು ನೀವಿಕೊಂಡೆವು. ಗೆದ್ದ ಹಣವನ್ನು ಲೆಕ್ಕದ ಪುಸ್ತಕಕ್ಕೆ ಸೇರುವ ಮೊದಲೇ ಹೇಗೆ ಎತ್ತುತ್ತಿದ್ದರೆಂದು ಅಲ್ಲಿ ವಿವರವಾಗಿ ಹಾಕಿದ್ದಾರೆ.

ನನಗೆ ಹೆಚ್ಚು ಇಷ್ಟವಾದದ್ದು ನಿಯಾನ್ ಮ್ಯೂಸಿಯಂ. ಕಳಚಿ ಹಾಕಿದ ಹೋಟೆಲುಗಳ ಹಳೆಯ ದೀಪದ ಬೋರ್ಡುಗಳನ್ನು ಬಯಲಿನಲ್ಲಿ ಒರಗಿಸಿಟ್ಟಿದ್ದಾರೆ, ಜಾತ್ರೆ ಮುಗಿದ ಮಾರನೆಯ ದಿನದ ಹಾಗೆ. ಊರಿನ ಬಾಗಿಲಲ್ಲಿ ನಿಂತು ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಆ ಸ್ವಾಗತದ ಫಲಕವನ್ನು 1959ರಲ್ಲಿ ರಚಿಸಿದವಳು ಬೆಟ್ಟಿ ವಿಲ್ಲಿಸ್ ಎಂಬ ಹೆಂಗಸು. ಅದರ ಹಕ್ಕನ್ನು ಆಕೆ ತನ್ನ ಹೆಸರಿಗೆ ಮಾಡಿಕೊಳ್ಳಲೇ ಇಲ್ಲ, ಲೋಟದಿಂದ ಬನಿಯನ್ನಿನವರೆಗೆ ಯಾರು ಬೇಕಾದರೂ ಅಚ್ಚು ಹಾಕುತ್ತಾರೆ. ಉದಾರತನ ಎನ್ನಿ, ನಮ್ಮ ಎಂದಿನ ದಡ್ಡತನ ಎನ್ನಿ. ಬೆಲ್ಲಾಜಿಯೋ ಹೋಟೆಲಿನ ಚಾವಣಿಯಲ್ಲಿ ಡೇಲ್ ಚಿಹೂಲಿಯ ಸುಮಾರು ಎರಡು ಸಾವಿರ ಗಾಜಿನ ಹೂಗಳಿವೆ, ಅದರ ಒಳಗೆ ಹೂದೋಟವಿದೆ. ಎರಡನ್ನೂ ನೋಡಲು ಕಾಸಿಲ್ಲ. ಹೂವರ್ ಅಣೆಕಟ್ಟಿನ ಮೇಲೆ ನಿಂತಾಗ ನಾದಿನಿ ಲಿಂಗನಮಕ್ಕಿಯನ್ನು ನೆನೆದಳು. ಅವಳ ತವರಿನ ಹಳ್ಳಿ ಅಲ್ಲಿ ಮುಳುಗಿದ್ದು.

ಇನ್ನೊಬ್ಬಳ ಹೆಸರು ಹೇಳದೆ ಮುಂದೆ ಹೋಗಲಾರೆ. ಹ್ಯಾಟಿ ಕ್ಯಾಂಟಿ, ಕಪ್ಪು ಜನಾಂಗದ ವಿಧವೆ, ಹತ್ತು ಮಕ್ಕಳ ತಾಯಿ. ಹೋಟೆಲಿನಲ್ಲಿ ಹಾಸಿಗೆ ಮಡಚುತ್ತಿದ್ದವಳು 1990ರಲ್ಲಿ ಅಡುಗೆ ಮತ್ತು ಹೋಟೆಲ್ ಕೆಲಸಗಾರರ ಸಂಘದ ಅಧ್ಯಕ್ಷೆಯಾದಳು. ಫ್ರಾಂಟಿಯರ್ ಎಂಬ ಕ್ಯಾಸಿನೋ ಎದುರಿನ ಮುಷ್ಕರ 1991ರಿಂದ 1998ರವರೆಗೆ, ಆರು ವರ್ಷಕ್ಕೂ ಹೆಚ್ಚು ನಡೆಯಿತು. ಸುಮಾರು 550 ಮಂದಿಯಲ್ಲಿ ಒಬ್ಬರೂ ಮುಷ್ಕರ ಮುರಿದು ಕೆಲಸಕ್ಕೆ ಮರಳಲಿಲ್ಲ, ಗೆದ್ದರು. ಆ ಊರಿನಲ್ಲಿ ಲೆಕ್ಕ ತಪ್ಪಿಸಿ ಗೆದ್ದವರ ಕಥೆ ನಾನು ಕೇಳಿದ್ದು ಇದೊಂದೇ. ನಮ್ಮ ಕೋಣೆಗೆ ಬರುತ್ತಿದ್ದಾಕೆಗೂ ನನ್ನಷ್ಟೇ ಮಂಡಿನೋವು. ಹೊರಡುವವರೆಗೆ ನಮ್ಮ ಹಾಸಿಗೆ ನಾವೇ ಮಾಡಿಕೊಂಡೆವು. ಅವಳು ಕೂತು ನನ್ನ ಚಕ್ಕುಲಿ ತಿಂದಳು.

ಜೂಜು ಆಡಿದಿರಾ ಎಂದು ಕೇಳುತ್ತೀರಿ. ನಾದಿನಿ ಯಂತ್ರಕ್ಕೆ ಇಪ್ಪತ್ತು ಡಾಲರ್ ಹಾಕಿದಳು, ಐದು ನಿಮಿಷದಲ್ಲಿ ಮುಗಿಯಿತು. ನಾನು ಆಡಲಿಲ್ಲ. ನನ್ನ ಪಾಲಿನದು ಮೂವತ್ತು ವರ್ಷದ ಹಿಂದೆಯೇ ಯಾರೋ ಆಡಿ ಮುಗಿಸಿದ್ದರು.

ಬುಧವಾರ ಸಂಜೆ ಕಾರಂಜಿಯ ಕಟಕಟೆಗೆ ಒರಗಿ ನಿಂತಿದ್ದೆವು, ಈ ಸಲ ಹಾಡೂ ಕೇಳುತ್ತಿತ್ತು. ಮಗನ ಫೋನು ಬಂತು. "ಅಮ್ಮ, ನಾಳೆ ಪುಟ್ಟಿಗೆ ಅರ್ಧ ದಿನವೇ ಶಾಲೆಯಂತೆ. ನೀನು ಬೆಳಿಗ್ಗೆಯೇ ಹೊರಟರೆ ಹನ್ನೆರಡಕ್ಕೆ ಬರಬಹುದಲ್ಲ?"

"ರಾತ್ರಿ ಬರುತ್ತೇನೆ, ನೀನು ರಜೆ ಹಾಕು" ಎಂದೆ. ನೀರು ಮೇಲೇರುವ ಸದ್ದಿನಲ್ಲಿ ಅವನು ಏನೆಂದನೋ ಕೇಳಿಸಲಿಲ್ಲ.