ದಕ್ಷಿಣಯಾತ್ರೆಯೂ ತಂಗುವ ಊರುಗಳೂ

ಧನುರ್ಮಾಸ ಸಮೀಪಿಸಿತೆಂದರೆ ಧಾರವಾಡ ಹುಬ್ಬಳ್ಳಿಗಳ ಗೃಹಸ್ಥರಿಗೆ ದಕ್ಷಿಣದ ನೆನಪಾಗುವುದುಂಟು. ಮನೆಯ ಹಿರಿಯರಿಗೆ ಮಧುರೆಯ ಮೀನಾಕ್ಷಿಯನ್ನೂ ಕನ್ಯಾಕುಮಾರಿಯನ್ನೂ ಕಾಣಬೇಕೆಂಬ ಬಹುಕಾಲದ ಹಂಬಲ. ಮಕ್ಕಳಿಗೆ ವರ್ಷಾಂತ್ಯದ ನಾಲ್ಕಾರು ದಿನಗಳ ಬಿಡುವು. ಬಾಗಿಲಲ್ಲಿ ಸ್ವಂತದ ಮೋಟಾರು. ಇಷ್ಟೂ ಒದಗಿದ ಮೇಲೆ ಹೊರಡುವುದು ಸಹಜವೂ ಹೌದು, ಸ್ತುತ್ಯವೂ ಹೌದು. ಆದರೆ ಹೊರಡುವುದಕ್ಕೆ ಮುಂಚೆ ಮನೆಯ ಯಜಮಾನನು ಹಾಕುವ ಲೆಕ್ಕವೊಂದುಂಟು. ಆಕ್ಷೇಪಕ್ಕೆ ಅರ್ಹವಾದದ್ದು ಆ ಲೆಕ್ಕ.

ಧಾರವಾಡದಿಂದ ಕನ್ಯಾಕುಮಾರಿಗೆ ಸುಮಾರು 1,100 ಕಿಲೋಮೀಟರು. ಹೆದ್ದಾರಿ ಅಗಲವಾಗಿದೆ, ಮೋಟಾರು ಹೊಸದಾಗಿದೆ. ಆದಕಾರಣ ಎರಡೇ ದಿನ ಸಾಕು. ಕತ್ತಲಾದಲ್ಲಿ, ಹೆದ್ದಾರಿಯ ಮಗ್ಗುಲಿಗೆ ಗಾಡಿ ನಿಲ್ಲಿಸಲು ವಿಶಾಲವಾದ ಅಂಗಳವಿರುವ ಯಾವುದಾದರೊಂದು ವಸತಿಗೃಹದಲ್ಲಿ ಮಲಗುವುದು, ಬೆಳಕು ಹರಿಯುವ ಮೊದಲೇ ಏಳುವುದು, ಹೊರಡುವುದು. ಹಿಂದಿರುಗಿದ ಮೇಲೆ ನೆರೆಯವರು "ರಾತ್ರಿ ಎಲ್ಲಿ ತಂಗಿದ್ದಿರಿ?" ಎಂದು ಕೇಳಿದರೆ, "ಸೇಲಂ ದಾಟಿ ಎಲ್ಲಿಯೋ" ಎಂಬುದೇ ಉತ್ತರ. ಒಂದು ಊರಿನ ಅನ್ನವನ್ನುಂಡು, ಅದರ ನೀರು ಕುಡಿದು, ಅದರ ನೆಲದ ಮೇಲೆ ಮಲಗಿ ಎದ್ದವನು ಆ ಊರಿನ ಹೆಸರನ್ನೂ ಅರಿಯನೆಂದರೆ ಅದಕ್ಕೆ ಯಾತ್ರೆಯೆಂದು ಹೇಳಬಹುದೆ?

ಯಾತ್ರೆಯೆಂದರೆ ಕೊನೆಯ ಊರೊಂದೇ, ನಡುವಿನದೆಲ್ಲ ಹೇಗಾದರೂ ಕಳೆಯಬೇಕಾದ ದೂರ ಎಂಬ ಭ್ರಾಂತಿಯೇ ಈ ಲೆಕ್ಕಕ್ಕೆ ಮೂಲ. ವಾಚಕರು ಮೇಘದೂತವನ್ನು ನೆನೆಯಲಿ. ಆ ಯಕ್ಷನಿಗಿಂತ ಹೆಚ್ಚಿನ ಅವಸರ ಯಾರಿಗಿದ್ದೀತು? ಅಗಲಿದ ಪ್ರಿಯೆಗೆ ವಾರ್ತೆ ಮುಟ್ಟಬೇಕು. ಶಾಪ ಕಳೆಯಲು ಇನ್ನೂ ನಾಲ್ಕು ತಿಂಗಳಿದೆ. ಅಂಥವನೂ, ದಾರಿ ಸುತ್ತಾದರೂ ಸರಿಯೆ, ಉಜ್ಜಯಿನಿಯನ್ನು ಕಾಣದೆ ಹೋಗಬೇಡವೆಂದೂ, ಅಲ್ಲಿ ರಾತ್ರಿ ಕಳೆದು ಸೂರ್ಯೋದಯದ ಮೇಲೆ ಮುಂದಿನ ದಾರಿ ಹಿಡಿಯೆಂದೂ ಮೇಘಕ್ಕೆ ಹೇಳುತ್ತಾನೆ. ವಿರಹಿಗೇ ಇಲ್ಲದ ಅವಸರ ವಿಹಾರಕ್ಕೆ ಹೊರಟವನಿಗೆ ಏಕೆ?

ಇನ್ನೊಂದು ಪಂಗಡದವರು ಊರನ್ನು ಆರಿಸುವುದೇನೋ ಉಂಟು, ಆದರೆ ಚಿತ್ರಪಟ ನೋಡಿ ಆರಿಸುತ್ತಾರೆ. ಉದಕಮಂಡಲ, ಕೊಡೈಕಾನಲ್ ಎಂದು ಘಟ್ಟ ಹತ್ತಿ, ವರ್ಷಾಂತ್ಯದ ಜನಸಂದಣಿಯಲ್ಲಿ ಸಿಕ್ಕಿ, ಮುಂದಿನ ಮೋಟಾರಿನ ಹಿಂಭಾಗವನ್ನೇ ನೋಡುತ್ತ ಅರ್ಧ ದಿನ ಕಳೆಯುತ್ತಾರೆ. ಆ ಗಿರಿಗಳಿಗೆ ವಾಹನಗಳ ಹೊರೆ ಹೆಚ್ಚಾಯಿತೆಂದೇ ಮದರಾಸಿನ ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2024ರ ಮೇ ತಿಂಗಳಲ್ಲಿ ಮುಂಗಡ ಅನುಮತಿಯ ನಿಯಮ ಬಂದಿತು. ಎಲ್ಲರೂ ಸುಂದರವೆಂದು ಮುತ್ತಿದ ಊರಿನಲ್ಲಿ ಸೌಂದರ್ಯಕ್ಕೇ ಉಸಿರಾಡಲು ಸ್ಥಳವಿರುವುದಿಲ್ಲ.

ಹಾಗಾದರೆ ತಂಗತಕ್ಕ ಊರಿನ ಲಕ್ಷಣವೇನು? ಮೂರನ್ನು ಹೇಳಬಹುದು. ಹಗಲಿರುವಾಗಲೇ ಅದನ್ನು ತಲುಪುವಂತಿರಬೇಕು. ಚಳಿಗಾಲದ ಸೂರ್ಯನು ಆರು ಗಂಟೆಯ ಸುಮಾರಿಗೆ ಮುಳುಗುವುದರಿಂದ ದಿನಕ್ಕೆ 250 ಕಿಲೋಮೀಟರಿಗೆ ಮಿಕ್ಕಿ ಹೋಗತಕ್ಕದ್ದಲ್ಲ. ಮಲಗುವ ಮನೆಯಿಂದ ಕಾಲ್ನಡಿಗೆಯಲ್ಲಿ ಪೇಟೆಯನ್ನೋ ಗುಡಿಯನ್ನೋ ಕೆರೆಯನ್ನೋ ಸೇರುವಂತಿರಬೇಕು. ಬೇರೆಲ್ಲಿಯೂ ಸಿಕ್ಕದ ಒಂದು ವಸ್ತು ಅಲ್ಲಿರಬೇಕು.

ಈ ಲಕ್ಷಣಗಳನ್ನು ದಾರಿಗೆ ಅನ್ವಯಿಸಿ ನೋಡೋಣವಾಗಲಿ. ಧಾರವಾಡ ಬಿಟ್ಟ ಕೆಲವು ಹೊತ್ತಿನಲ್ಲೇ ಬಂಕಾಪುರ. ಅಮೋಘವರ್ಷನ ಸಾಮಂತ ಬಂಕೇಯನ ಹೆಸರಿನ ಊರು, ಕವಿ ರನ್ನನ ಗುರು ಅಜಿತಸೇನಾಚಾರ್ಯರಿದ್ದ ಊರು, ಅರುವತ್ತಾರು ಕಂಬಗಳ ನಾಗರೇಶ್ವರನ ಊರು. ಅದರಾಚೆ ಏಲಕ್ಕಿಯ ಹಾರ ಕಟ್ಟುವ ಹಾವೇರಿ. ಅದರಾಚೆ ತುಂಗಭದ್ರೆಯ ದಡದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ. ರಾತ್ರಿಗೆ ಚಿತ್ರದುರ್ಗ. ಬೆಳಗಿನ ಎಳೆಬಿಸಿಲಿನಲ್ಲಿ ಏಳುಸುತ್ತಿನ ಕೋಟೆಯನ್ನು ಹತ್ತಿ ಇಳಿದು, ಚಂದ್ರವಳ್ಳಿಯ ಕೆರೆಯ ಬಳಿ ಕದಂಬ ಮಯೂರಶರ್ಮನ ಶಾಸನವನ್ನು ಮಕ್ಕಳಿಗೆ ತೋರಿಸಿದರೆ, ಪಾಠಶಾಲೆಯಲ್ಲಿ ಒಂದು ವರ್ಷ ಕಲಿಸಲಾಗದ್ದು ಒಂದು ಪೂರ್ವಾಹ್ಣದಲ್ಲಿ ಮನಸ್ಸಿನಲ್ಲಿ ನಿಲ್ಲುವುದು. ಎರಡನೆಯ ರಾತ್ರಿ ಬೆಂಗಳೂರು. ಅದನ್ನು ಯಾರೂ ಆರಿಸಬೇಕಾಗಿಲ್ಲ, ಬಂಧುಗಳೇ ಆರಿಸುತ್ತಾರೆ.

ಮೂರನೆಯ ರಾತ್ರಿಗೆ ನಾಮಕ್ಕಲ್. ಊರ ನಡುವೆ ಒಂದೇ ಬಂಡೆಯ ಬೆಟ್ಟ. ಅದರ ಮೇಲೆ ಕೋಟೆ. ಬುಡದಲ್ಲಿ ಕಲ್ಲು ಕೊರೆದ ನರಸಿಂಹನ ಗುಹಾಲಯ. ಎದುರಿಗೆ ಮೇಲ್ಛಾವಣಿಯಿಲ್ಲದೆ ಆಕಾಶದಡಿಯಲ್ಲಿ ಕೈಮುಗಿದು ನಿಂತ 18 ಅಡಿಯ ಆಂಜನೇಯ. 1887ರ ಡಿಸೆಂಬರ್ 22ರಂದು ಹುಟ್ಟಿದ ಗಣಿತಜ್ಞ ರಾಮಾನುಜನ್ನರ ಮನೆದೇವತೆ ನಾಮಗಿರಿ ಇಲ್ಲಿಯವಳು. ನಾಲ್ಕನೆಯ ದಿನ, 1755ರಲ್ಲಿ ಹೈದರನು ಫೌಜುದಾರನಾಗಿ ಬಂದ ದಿಂಡಿಗಲ್ಲಿನ ಕೋಟೆಯನ್ನು ಕಂಡು, ಬೆಳಕಿರುವಾಗಲೇ ಮಧುರೆ. ಅಲ್ಲಿಂದ ಕನ್ಯಾಕುಮಾರಿ ಸುಮಾರು 245 ಕಿಲೋಮೀಟರು.

ಚಳಿಗಾಲದಲ್ಲಿ ಈ ವಿಚಾರಕ್ಕೆ ವಿಶೇಷವಾದ ಬಲವುಂಟು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ತಮಿಳರಿಗೆ ಮಾರ್ಗಳಿ. ಹಿಂಗಾರಿನ ಅಬ್ಬರ ತಗ್ಗಿರುತ್ತದೆ. ಬೆಳಗಿನ ಜಾವದಲ್ಲೇ ಗುಡಿಯ ಬಾಗಿಲು ತೆರೆಯುತ್ತದೆ, ಬೀದಿಬೀದಿಯಲ್ಲಿ ತಿರುಪ್ಪಾವೈ ಕೇಳುತ್ತದೆ, ಹೆಂಗಸರು ಬಾಗಿಲಿಗೆ ನೀರು ಹಾಕಿ ದೊಡ್ಡ ದೊಡ್ಡ ರಂಗೋಲಿ ಬಿಡಿಸುತ್ತಾರೆ. ಕನ್ನಡ ಮನೆಗಳಲ್ಲಿ ಅರುಣೋದಯಕ್ಕೆ ಹುಗ್ಗಿಯ ನೈವೇದ್ಯ ಮಾಡುತ್ತಿದ್ದ ಅಜ್ಜಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ; ಭಾಷೆ ಬೇರೆಯಾದರೂ ಅದು ತನ್ನದೇ ಬೆಳಗೆಂದು ಆಕೆ ಅರಿಯುವಳು. ಹೆದ್ದಾರಿಯ ವಸತಿಗೃಹದಲ್ಲಿ ಆ ಹೊತ್ತಿಗೆ ಕೇಳುವುದು ಸರಕು ಲಾರಿಗಳ ಸದ್ದೊಂದೇ.

ಪೂರ್ವಪಕ್ಷದವರು ಸುಮ್ಮನಿರುವುದಿಲ್ಲ. ವೃದ್ಧರಿಗೆ ಶುಚಿಯಾದ ಕೋಣೆ ಬೇಕು, ಶೌಚಕ್ಕೆ ಅನುಕೂಲ ಬೇಕು, ಅಕಸ್ಮಾತ್ ಕಾಯಿಲೆಯಾದರೆ ವೈದ್ಯರು ಬೇಕೆನ್ನುತ್ತಾರೆ. ಮಾತು ನ್ಯಾಯವಾದದ್ದೇ. ಆದರೆ ಚಿತ್ರದುರ್ಗ, ನಾಮಕ್ಕಲ್, ಮಧುರೆ ಮೂರೂ ಜಿಲ್ಲೆಯ ಮುಖ್ಯಪಟ್ಟಣಗಳು. ವಸತಿಗೂ ಔಷಧಕ್ಕೂ ಅಲ್ಲಿ ಕೊರತೆಯಿಲ್ಲ. ನಡುರಾತ್ರಿಯಲ್ಲಿ ವೈದ್ಯರನ್ನು ಹುಡುಕುವ ಕಷ್ಟ ಬಯಲ ನಡುವಿನ ಲಾಡ್ಜಿನಲ್ಲೇ ಹೆಚ್ಚು. ಖರ್ಚು ಹೆಚ್ಚುವುದೆಂಬುದು ಎರಡನೆಯ ಆಕ್ಷೇಪ. ಹೆಚ್ಚುವುದು ನಿಜ. ದಿನಗಳೇ ಕಡಿಮೆಯಿದ್ದರೆ ಈ ವರ್ಷ ಮಧುರೆಗೇ ನಿಲ್ಲಲಿ. ಕನ್ಯಾಕುಮಾರಿ ಎಲ್ಲಿಗೂ ಓಡಿಹೋಗುವುದಿಲ್ಲ. ಹದಿನಾಲ್ಕು ಗಂಟೆ ಕೂತು ಊದಿದ ಕಾಲುಗಳೊಡನೆ ಸಮುದ್ರದ ಮುಂದೆ ನಿಲ್ಲುವ ಅಜ್ಜಿಗೆ ಮೂರು ಸಾಗರಗಳ ಸಂಗಮಕ್ಕಿಂತ ಒಂದು ಹಾಸಿಗೆಯೇ ಇಷ್ಟವಾದೀತು.

ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೊಮ್ಮಗನ ಪರವಾಗಿ ಮಧುರೆಯನ್ನಾಳಿದ ರಾಣಿ ಮಂಗಮ್ಮಾಳ್ ದಾರಿಗಳನ್ನು ಮಾಡಿಸಿ, ಸಾಲುಮರ ನೆಡಿಸಿ, ಛತ್ರಗಳನ್ನು ಕಟ್ಟಿಸಿದವಳೆಂದು ಪ್ರಸಿದ್ಧಳು. ಮಧುರೆಯಲ್ಲಿ ಅವಳ ಹೆಸರಿನ ಛತ್ರ ಈಗಲೂ ಇದೆ. ದಾರಿಹೋಕನಿಗೂ ಊರಿಗೂ ಒಂದು ರಾತ್ರಿಯ ಸಂಬಂಧವಿರಬೇಕೆಂಬುದು ಆ ಛತ್ರಗಳ ತಾತ್ಪರ್ಯ. ಹೆದ್ದಾರಿ ಊರನ್ನು ಬಳಸಿ ಹೋದದ್ದು ಸರಕಿನ ಗಾಡಿಗಳ ಅನುಕೂಲಕ್ಕೆ ಸರಿ. ಮನುಷ್ಯನೂ ತನ್ನನ್ನು ಸರಕೆಂದು ಎಣಿಸಿಕೊಂಡರೆ ಹಾವೇರಿಯ ಹಾರ ಕಟ್ಟುವವನಿಗೂ, ನಾಮಕ್ಕಲ್ಲಿನ ಗುಡಿಯ ಮುಂದೆ ಹೂ ಮಾರುವವಳಿಗೂ ಗಿರಾಕಿ ಇಲ್ಲವಾಗುವನು. ತನ್ನ ಮಕ್ಕಳಿಗೂ ನಾಡಿನ ಪರಿಚಯ ಇಲ್ಲವಾಗುವುದು.

ಆದುದರಿಂದ ಈ ಧನುರ್ಮಾಸದಲ್ಲಿ ಹೊರಡುವ ಗೃಹಸ್ಥನು ಮೊದಲು ಗಂಟೆಗಳನ್ನು ಎಣಿಸದಿರಲಿ. ನಕ್ಷೆಯನ್ನು ನಡುಮನೆಯಲ್ಲಿ ಹಾಸಿ, ತಂಗುವ ಒಂದು ಊರನ್ನು ತಾಯಿ ಹೇಳಲಿ, ಒಂದನ್ನು ಮಕ್ಕಳು ಹೇಳಲಿ, ಒಂದನ್ನು ಹೆಂಡತಿ ಹೇಳಲಿ. ಮೋಟಾರು ನಡೆಸುವವನಿಗೆ ಉಳಿಯುವುದು ಹೊತ್ತಿಗೆ ಸರಿಯಾಗಿ ಆ ಊರುಗಳನ್ನು ಮುಟ್ಟಿಸುವ ಕೆಲಸವೊಂದೇ. ಅದನ್ನು ಚೆನ್ನಾಗಿ ಮಾಡಿದರೆ ಅವನ ಯಜಮಾನಿಕೆಗೆ ಯಾವ ಕುಂದೂ ಬರುವುದಿಲ್ಲ.